ಬಂದೂಕಿನ ಮೇಲಿನ ಆಣೆ, ಯಾರು ಉಳಿಸಿಕೊಂಡರು?

ನಮಸ್ಕಾರ. ಇವತ್ತು ಅಮೆರಿಕದ ಬಂದೂಕಿನ ವಿಷಯ. ಬಂದೂಕು ಇರಬೇಕಾ ಬೇಡವಾ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಅದರ ಬಗ್ಗೆ ಅಲ್ಲಿನ ನಾಯಕರು ಆಡಿದ ಮಾತನ್ನು ಉಳಿಸಿಕೊಂಡರಾ? ನನ್ನನ್ನು ಕಾಡುವುದು ಇದು.

ನಮ್ಮಲ್ಲಿ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆ ನಿಜ, ಆದರೆ ಅದೂ ಸರಕಾರ ಕೊಟ್ಟದ್ದು. ಅಮೆರಿಕದಲ್ಲಿ 1791ರಿಂದ ಅದು ಸಂವಿಧಾನದಲ್ಲೇ ಇರುವ ಹಕ್ಕು, ಎರಡನೇ ತಿದ್ದುಪಡಿ. ಅದಕ್ಕೇ ಅಲ್ಲಿ ಚುನಾವಣೆ ಬಂದರೆ ಸಾಕು, ಅದರ ಮೇಲೆ ಆಣೆ ಹಾಕುತ್ತಾರೆ.

ರೊನಾಲ್ಡ್ ರೇಗನ್ ಅವರನ್ನು ನೋಡಿ. 1967ರ ಮೇ 2. ಅವರು ಆಗ ಕ್ಯಾಲಿಫೋರ್ನಿಯಾದ ಗವರ್ನರ್. ಸ್ಯಾಕ್ರಮೆಂಟೊದ ಶಾಸನಸಭೆಯ ಮುಂದಿನ ಹುಲ್ಲುಹಾಸಿನಲ್ಲಿ ಶಾಲಾ ಮಕ್ಕಳ ಜೊತೆ ಇದ್ದರು. ಅದೇ ಹೊತ್ತಿಗೆ ಕಪ್ಪು ಜನರ ಹೋರಾಟದ ಪಕ್ಷವಾದ ಬ್ಲ್ಯಾಕ್ ಪ್ಯಾಂಥರ್‌ನ ಸುಮಾರು 30 ಜನ ಬಂದೂಕು ಹಿಡಿದು ಬಂದರು, ಕಟ್ಟಡದ ಒಳಗೂ ಹೋದರು. ಬಂದೂಕನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು ಓಡಾಡುವುದು ಆಗ ಅಲ್ಲಿ ಕಾನೂನುಬದ್ಧ. ಆ ಹಕ್ಕನ್ನು ಕಿತ್ತುಕೊಳ್ಳುವ ಮಲ್ಫರ್ಡ್ ಮಸೂದೆಯನ್ನು ವಿರೋಧಿಸಲೆಂದೇ ಅವರು ಬಂದಿದ್ದು. ನಾಗರಿಕರು ಗುಂಡು ತುಂಬಿದ ಬಂದೂಕು ಹಿಡಿದು ಬೀದಿಯಲ್ಲಿ ಓಡಾಡಲು ಯಾವ ಕಾರಣವೂ ಕಾಣುವುದಿಲ್ಲ ಎಂದರು ರೇಗನ್. ಆ ವರ್ಷವೇ ಮಸೂದೆಗೆ ಸಹಿ ಹಾಕಿದರು. ಮುಂದೆ ಇದೇ ರೇಗನ್ ಬಂದೂಕು ಮಾಲೀಕರ ಸಂಘವಾದ ಎನ್‌ಆರ್‌ಎಗೆ ಅಚ್ಚುಮೆಚ್ಚು. 1983ರಲ್ಲಿ ಅಧ್ಯಕ್ಷರಾಗಿ ಅದರ ಸಮಾವೇಶಕ್ಕೆ ಹೋಗಿ ಭಾಷಣ ಮಾಡಿದರು.

1967ರಲ್ಲಿ ಆ ಬಂದೂಕುಗಳು ಬಿಳಿಯರ ಕೈಯಲ್ಲಿ ಇದ್ದಿದ್ದರೆ ಆ ಸಹಿ ಬೀಳುತ್ತಿತ್ತಾ? ನನಗಂತೂ ನಂಬಿಕೆ ಇಲ್ಲ.

ಈಗ ಟ್ರಂಪ್. 2018ರ ಫೆಬ್ರವರಿ 28. ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತು ಎರಡು ವಾರ. ಶ್ವೇತಭವನದಲ್ಲಿ ಕ್ಯಾಮೆರಾ ಮುಂದೆಯೇ ಸಂಸದರ ಜೊತೆ ಕೂತು, ಅಪಾಯಕಾರಿ ಜನರ ಬಂದೂಕನ್ನು ಮೊದಲು ತೆಗೆದುಕೊಳ್ಳಿ, ಕೋರ್ಟು ಆಮೇಲೆ ಅನ್ನುವ ಅರ್ಥದ ಮಾತಾಡಿದರು. ಎನ್‌ಆರ್‌ಎಗೆ ಹೆದರುತ್ತೀರಿ ಎಂದು ತಮ್ಮದೇ ಪಕ್ಷದ ಸೆನೆಟರ್‌ಗೆ ಹೇಳಿದರು. ಮರುದಿನ ರಾತ್ರಿಯೇ ಎನ್‌ಆರ್‌ಎ ನಾಯಕರು ಅವರನ್ನು ಭೇಟಿಯಾದರು. ಆ ಧೈರ್ಯ ಅಲ್ಲಿಗೇ ತಣ್ಣಗಾಯಿತು.

ಒಂದು ಕೆಲಸ ಮಾತ್ರ ಆಯಿತು. ಬಂಪ್ ಸ್ಟಾಕ್ ಅಂತ ಒಂದು ಸಲಕರಣೆ ಇದೆ. ಅದನ್ನು ರೈಫಲ್‌ಗೆ ಹಾಕಿದರೆ ಹೆಚ್ಚುಕಡಿಮೆ ಮಷೀನ್ ಗನ್ ಹಾಗೆ ಗುಂಡು ಹಾರುತ್ತದೆ. 2017ರ ಲಾಸ್ ವೇಗಸ್ ಹತ್ಯಾಕಾಂಡದಲ್ಲಿ ಬಳಕೆಯಾಗಿತ್ತು. ಟ್ರಂಪ್ ಸರಕಾರ ಅದನ್ನು ನಿಷೇಧಿಸಿತು. 2019ರ ಮಾರ್ಚ್ ಒಳಗೆ ನಾಶ ಮಾಡಿ, ಇಲ್ಲವೇ ಒಪ್ಪಿಸಿ ಎಂದು ಹೇಳಿತು. ನನಗೆ ಅದು ಸರಿ ಅನಿಸಿತ್ತು. ಆದರೆ 2024ರ ಫೆಬ್ರವರಿಯಲ್ಲಿ ಎನ್‌ಆರ್‌ಎ ವೇದಿಕೆ ಹತ್ತಿದ ಅದೇ ಮನುಷ್ಯ, ನನ್ನ ನಾಲ್ಕು ವರ್ಷದಲ್ಲಿ ಏನೂ ಆಗಲಿಲ್ಲ, ನಾವು ಬಗ್ಗಲಿಲ್ಲ ಎಂದರು. ತಾವೇ ಮಾಡಿದ ಒಳ್ಳೆಯ ಕೆಲಸವನ್ನೂ ನುಂಗಿಬಿಟ್ಟರಲ್ಲ, ಅದು ನನಗೆ ಬೇಸರ.

ಡೆಮಾಕ್ರಾಟ್‌ಗಳೂ ಕಡಿಮೆ ಇಲ್ಲ. ಎಆರ್-15 ರೈಫಲ್‌ಗಳನ್ನು ಖಂಡಿತ ಕಿತ್ತುಕೊಳ್ಳುತ್ತೇವೆ ಎಂದು 2019ರಲ್ಲಿ ಗುಡುಗಿದ್ದರು ಬೀಟೊ ಓ'ರೂರ್ಕ್, ಆಗ ಆ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಹೊರಟಿದ್ದವರು. 2022ರಲ್ಲಿ ಟೆಕ್ಸಾಸ್ ಗವರ್ನರ್ ಚುನಾವಣೆಗೆ ನಿಂತಾಗ, ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವ ಆಸೆ ಇಲ್ಲ ಎಂದರು.

ಮನಸ್ಸು ಬದಲಾಯಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನ್ಯೂಯಾರ್ಕ್‌ನ ಕರ್ಸ್ಟನ್ ಗಿಲಿಬ್ರಾಂಡ್‌ಗೆ ಎನ್‌ಆರ್‌ಎ ಒಮ್ಮೆ 'ಎ' ದರ್ಜೆ, ಅಂದರೆ ಬಂದೂಕಿನ ಪರ ಇರುವವರು ಅನ್ನುವ ಒಳ್ಳೆಯ ಅಂಕ, ಕೊಟ್ಟಿತ್ತು. ಹಳ್ಳಿ ಜಾಸ್ತಿ ಇದ್ದ ಕ್ಷೇತ್ರ ಬಿಟ್ಟು ಇಡೀ ರಾಜ್ಯದ ಸೆನೆಟರ್ ಆದ ಮೇಲೆ ನಿಲುವು ತಿರುಗಿತು, ದರ್ಜೆ 'ಎಫ್'ಗೆ ಇಳಿಯಿತು. ಅನುಕೂಲ ನೋಡಿಕೊಂಡು ತಿರುಗಿದರು ಎಂದು ಅನುಮಾನ ಪಡಬಹುದು, ನನಗೂ ಇದೆ. ಆದರೆ ಹಿಂದಿನ ನಿಲುವಿನ ಬಗ್ಗೆ ನಾಚಿಕೆಯಾಗುತ್ತದೆ ಎಂದು ಟಿವಿಯಲ್ಲಿ ಬಾಯಿಬಿಟ್ಟು ಹೇಳಿದರು.

ಆ ಬಂಪ್ ಸ್ಟಾಕ್ ಕತೆಗೆ ಇನ್ನೊಂದು ತುದಿ ಇದೆ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಒಬ್ಬ ಗನ್ ಅಂಗಡಿ ಮಾಲೀಕ ತನ್ನ ಎರಡು ಬಂಪ್ ಸ್ಟಾಕ್‌ಗಳನ್ನು ಸರಕಾರಕ್ಕೆ ಒಪ್ಪಿಸಿದ, ನಂತರ ನಿಷೇಧದ ವಿರುದ್ಧ ಕೋರ್ಟಿಗೆ ಹೋದ. ಅವನು ಕೇಸು ಹಾಕಿದ್ದು ಟ್ರಂಪ್ ಸರಕಾರದ ಮೇಲೆ. ಬೈಡನ್ ಬಂದರೂ ಬಿಡಲಿಲ್ಲ. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ 6-3ರಿಂದ ಗೆದ್ದ. ಆ ತೀರ್ಪು ನನಗೆ ಒಪ್ಪಿಗೆ ಇಲ್ಲ, ಆ ಸಲಕರಣೆ ಮತ್ತೆ ಅಂಗಡಿಗೆ ಬಂತಲ್ಲ ಅಂತ ಹೆದರಿಕೆಯೂ ಇದೆ. ಆದರೆ ಐದು ವರ್ಷ ಇಬ್ಬರು ಅಧ್ಯಕ್ಷರ ಎದುರು ಅವನು ಆಡಿದ್ದು ಒಂದೇ ಮಾತು.