ಅಡಿಕೆ ಪೈಸೆಗೆ ಹನ್ನೆರಡು ಪಾಲು

ಎಲ್ಲರಿಗೂ ನಮಸ್ಕಾರ.

ಸಂಬಳದ ಮನೆಗೆ ತಿಂಗಳಿಗೊಮ್ಮೆ ಪೈಸೆ ಬರುತ್ತದೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗೆ ಬರುವುದು ಅಡಿಕೆ ಕೊಟ್ಟಾಗ, ವರ್ಷಕ್ಕೆ ಎರಡೋ ಮೂರೋ ಸಲ. ಅಕ್ಕಿ, ಗ್ಯಾಸು, ಮೊಬೈಲ್ ರೀಚಾರ್ಜು ಮಾತ್ರ ತಿಂಗಳು ತಿಂಗಳೂ ಬೇಕು, ಕರೆಂಟ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬಂದೇ ಬರುತ್ತದೆ. ಉಳಿತಾಯದ ಬಗ್ಗೆ ನಾವು ಕೇಳುವ ಸಲಹೆಗಳು ಹೆಚ್ಚಿನವು ಸಂಬಳದವರಿಗಾಗಿ ಹೇಳಿದವು: ಒಂದನೇ ತಾರೀಕಿಗೆ ಇಷ್ಟು ತೆಗೆದಿಡಿ, ಉಳಿದದ್ದು ಖರ್ಚು ಮಾಡಿ ಎಂದು. ಒಂದನೇ ತಾರೀಕಿಗೆ ಏನೂ ಬಾರದ ಮನೆಯವರು ಏನು ಮಾಡಬೇಕು? ಇವತ್ತಿನ ಮಾತು ಅದರ ಬಗ್ಗೆ.

ಒಂದು ಲೆಕ್ಕದಿಂದಲೇ ಶುರು ಮಾಡೋಣ. ವರ್ಷಕ್ಕೆ 10 ಕ್ವಿಂಟಾಲ್ ಒಣ ಅಡಿಕೆ ಆಗುವ ತೋಟ ಎಂದು ಇಟ್ಟುಕೊಳ್ಳಿ. ಧಾರಣೆ ಏರಿಳಿಯುತ್ತಲೇ ಇರುತ್ತದೆ, ಗುಣಿಸಲು ಸುಲಭವಾಗಲಿ ಎಂದು ಕಿಲೋಗೆ 400 ರೂಪಾಯಿ ಹಿಡಿಯುವ. 4 ಲಕ್ಷ ಆಯಿತು. ಇದರಲ್ಲಿ ಗೊಬ್ಬರ, ಮದ್ದು ಬಿಡುವ ಖರ್ಚು, ಕೊಯ್ಲು, ಸುಲಿಯುವ ಕೂಲಿ ಎಲ್ಲ ಸೇರಿ ತೋಟಕ್ಕೆ 1,40,000. ಉಳಿದದ್ದು 2,60,000. ಇನ್ನು ವರ್ಷಕ್ಕೊಮ್ಮೆ ಬರುವ ಖರ್ಚುಗಳು: ಮಕ್ಕಳ ಶಾಲೆಗೆ 25,000, ವಾಹನದ ಮತ್ತು ಆಸ್ಪತ್ರೆಯ ಇನ್ಶೂರೆನ್ಸ್ 22,000, ಹಬ್ಬ, ನೇಮ, ಜಾತ್ರೆ, ಮದುವೆಯ ಉಡುಗೊರೆ 25,000, ಪಂಪು ರಿಪೇರಿ, ಮಾಡಿನ ಹಂಚು ಇತ್ಯಾದಿ 12,000. ಒಟ್ಟು 84,000. ಕಷ್ಟಕಾಲಕ್ಕೆಂದು 20,000 ಬೇರೆ ಇಟ್ಟರೆ ಉಳಿಯುವುದು 1,56,000. ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 13,000.

ಈ 13,000 ಎಂಬ ಅಂಕಿ ಮನೆಯ ಎಲ್ಲರಿಗೂ ಗೊತ್ತಿರಬೇಕು, ಕಾಲೇಜಿಗೆ ಹೋಗುವ ಮಕ್ಕಳಿಗೂ. ಫೆಬ್ರವರಿಯಲ್ಲಿ ಪಾಸ್‌ಬುಕ್ಕಿನಲ್ಲಿ 2 ಲಕ್ಷ ಕಂಡಾಗ ಮನೆಯವರ ಮನಸ್ಸು 2 ಲಕ್ಷದ ಲೆಕ್ಕದಲ್ಲೇ ಓಡುತ್ತದೆ. ಫ್ರಿಜ್ಜು ಬದಲಾಗುತ್ತದೆ, ಹೊಸ ಫೋನು ಬರುತ್ತದೆ, ಮಂಗಳೂರಿಗೆ ಹೋದವರು ಕೈತುಂಬ ಚೀಲ ಹಿಡಿದು ಬರುತ್ತಾರೆ. ಇವರು ದುಂದು ಮಾಡುವ ಜನ ಎನ್ನಲಾಗದು. ಯಾವ ಪೈಸೆ ಯಾವ ತಿಂಗಳದ್ದು ಎಂದು ಗುರುತು ಹಾಕದೆ ಇಟ್ಟದ್ದೇ ತಪ್ಪು.

ಆ ತಪ್ಪಿನ ಪೆಟ್ಟು ಬೀಳುವುದು ಮಳೆಗಾಲದಲ್ಲಿ. ನವೆಂಬರಿನಿಂದ ಮಾರ್ಚ್‌ವರೆಗೆ ಕೊಯ್ಲು, ಅಂಗಳದಲ್ಲಿ ನಲ್ವತ್ತು ನಲ್ವತ್ತೈದು ದಿನ ಒಣಗುವುದು, ಸುಲಿಯುವುದು, ಮಾರುವುದು. ಏಪ್ರಿಲ್, ಮೇಯಲ್ಲಿ ವಿಷು, ಮದುವೆ, ಗೃಹಪ್ರವೇಶ. ಜೂನಿನಲ್ಲಿ ಶಾಲೆ ಶುರು. ಅದೇ ಹೊತ್ತಿಗೆ, ಮಳೆ ಹಿಡಿಯುವ ಮೊದಲು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಮೇಲೆ ಮರ ಹತ್ತುವವರ ಸಂಬಳ. ಮೊದಲನೆಯದನ್ನು ಹೇಗೋ ಮುಗಿಸುತ್ತಾರೆ. ಎರಡನೆಯದು ಬರುವುದು 40–45 ದಿನ ಕಳೆದು, ಸರಿಯಾಗಿ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್), ಕೈ ಪೂರ್ತಿ ಖಾಲಿಯಾದ ಹೊತ್ತಿಗೆ. ಪೈಸೆ ಇಲ್ಲವೆಂದು ಹದಿನೈದು ದಿನ ಮುಂದೆ ಹಾಕಿದರೆ, ಬಿಡದ ಮಳೆಯಲ್ಲಿ ಎಳೆ ಕಾಯಿ ಕೊಳೆತು ಉದುರುತ್ತದೆ. ಮಾರ್ಚಿನಲ್ಲಿ ಕೊಂಡ ಫೋನಿನ ಬೆಲೆ ಹೀಗೆ ಮುಂದಿನ ವರ್ಷದ ಕೊಯ್ಲಿನಲ್ಲೂ ಕಡಿತವಾಗುತ್ತದೆ. ಆದ್ದರಿಂದ ಮಾರಾಟದ ಪೈಸೆಯಲ್ಲಿ ಮೊದಲ ಪಾಲು ತೋಟದ್ದು. ಮನೆ ಖರ್ಚು ಅದರ ನಂತರ.

ಇದನ್ನು ನಡೆಸಲು ಎರಡು ಖಾತೆ ಬೇಕು. ಅಡಿಕೆಯ ಪೈಸೆ ಬೀಳುವ ಖಾತೆಗೆ ಫೋನಿನ ಯುಪಿಐ ಜೋಡಿಸಬೇಡಿ, ಎಟಿಎಂ ಕಾರ್ಡು ಇದ್ದರೆ ಕಪಾಟಿನಲ್ಲಿರಲಿ. ಎರಡನೆಯದು ಮನೆ ಖರ್ಚಿನ ಖಾತೆ. ಯುಪಿಐ ಇದಕ್ಕೆ ಮಾತ್ರ. ಮೊದಲ ಖಾತೆಯಿಂದ ಎರಡನೆಯದಕ್ಕೆ ಪ್ರತಿ ತಿಂಗಳ 1ಕ್ಕೆ 13,000 ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದುಕೊಡಿ. ಅಲ್ಲಿಗೆ ತೋಟವೇ ನಿಮಗೆ ಸಂಬಳ ಕೊಟ್ಟಂತಾಯಿತು. ತಿಂಗಳ 22ಕ್ಕೇ ಖಾಲಿಯಾದರೆ? ಮೊದಲ ಎರಡು ಮೂರು ತಿಂಗಳು ಆಗುತ್ತದೆ, ಹೆದರಬೇಡಿ. ಎಷ್ಟು ಕಡಿಮೆ ಬಿತ್ತು ಎಂದು ಬರೆದಿಟ್ಟು ಲೆಕ್ಕ ತಿದ್ದಿ. ತೋಟದ ಪಾಲನ್ನು ಮಾತ್ರ ಮುಟ್ಟಬೇಡಿ. ಹೊಸ ಖಾತೆ ತೆರೆಯುವಾಗ ಕನಿಷ್ಠ ಶಿಲ್ಕು ಎಷ್ಟು ಇರಬೇಕೆಂದು ಕೇಳಿಕೊಳ್ಳಿ, ಇಲ್ಲವಾದರೆ ಅದರ ದಂಡಕ್ಕೇ ಒಂದಷ್ಟು ಹೋಗುತ್ತದೆ. ದೊಡ್ಡ ಮೊತ್ತ ಇಡುವಾಗ ಇನ್ನೊಂದು ವಿಷಯ: ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಊರಿನ ಪ್ರಾಥಮಿಕ ಸಹಕಾರಿ ಸೊಸೈಟಿಗಳು ಆ ವಿಮೆಯೊಳಗೆ ಬರುವುದಿಲ್ಲ. ನಿಮ್ಮ ಸೊಸೈಟಿ ಬೇರೆ ಯಾವ ಗ್ಯಾರಂಟಿ ಯೋಜನೆಯಲ್ಲಿ ಇದೆ ಎಂದು ಕೌಂಟರಿನಲ್ಲೇ ಕೇಳಿ. ಕೇಳಲು ಸಂಕೋಚ ಬೇಡ, ಪೈಸೆ ನಿಮ್ಮದು.

ಹಾಲಿನ ಪೈಸೆ, ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀ ಕೂಟದ ವಾರದ ಉಳಿತಾಯ ಇದ್ದರೆ ಅದನ್ನು ಈ 13,000ದ ಒಳಗೆ ಸೇರಿಸಬೇಡಿ. ಅದು ಹೆಚ್ಚಾಗಿ ಮನೆಯ ಹೆಂಗಸರು ದುಡಿದು ಕೂಡಿಸಿದ್ದು, ಅದರ ಲೆಕ್ಕವೂ ಅವರ ಕೈಯಲ್ಲೇ ಇರುವುದು ನ್ಯಾಯ.

ಇನ್ನು ಪುಡಿ ಖರ್ಚು. ಕಳೆದ ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ, ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. 200 ರೂಪಾಯಿಗಿಂತ ಕೆಳಗಿನ ಸಾಲುಗಳಿಗೆ ಮಾತ್ರ ಗೆರೆ ಎಳೆಯುತ್ತಾ ಹೋಗಿ. ಹೋಟೆಲಿನ ಚಾ ಮತ್ತು ಗೋಳಿಬಜೆ 40, ಬೇಕರಿ 120, ಜ್ಯೂಸು 60, ಬರುವಾಗ ಮಕ್ಕಳಿಗೆಂದು ಚಿಪ್ಸು 30. ಇಂಥ 45 ಸಾಲು ಇದ್ದು, ಸರಾಸರಿ 70 ರೂಪಾಯಿ ಆದರೆ 3,150. ತಿಂಗಳ ಪಾಲಿನ ಹೆಚ್ಚುಕಡಿಮೆ ಕಾಲು ಭಾಗ. ಚಾ ಬಿಡಿ ಎಂದು ನಾವು ಹೇಳುವುದಿಲ್ಲ. ಸೋಮವಾರ 400 ರೂಪಾಯಿ ನೋಟಾಗಿ ಕಿಸೆಗೆ ಹಾಕಿಕೊಂಡು, ಪೇಟೆಯ ಪುಡಿ ಖರ್ಚನ್ನೆಲ್ಲ ಅದರಲ್ಲೇ ಮಾಡಿ ನೋಡಿ. ನೋಟು ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತದೆ, ಸ್ಕ್ಯಾನ್ ಮಾಡಿದ್ದು ಕಾಣುವುದಿಲ್ಲ. ಯುಪಿಐ ಆಪಿನಲ್ಲಿ ಆಟೋಪೇ ಎಂಬ ಜಾಗವನ್ನೂ ತೆರೆಯಿರಿ. 1 ರೂಪಾಯಿಯ ಟ್ರಯಲ್ ಎಂದು ಒಪ್ಪಿಗೆ ಕೊಟ್ಟದ್ದು ಅಲ್ಲಿ ಕುಳಿತು ತಿಂಗಳು ತಿಂಗಳೂ ಪೈಸೆ ಎಳೆಯುತ್ತಿರಬಹುದು. ಆಪ್ ಡಿಲೀಟ್ ಮಾಡಿದರೆ ಅದು ನಿಲ್ಲುವುದಿಲ್ಲ, ಆಟೋಪೇಯಲ್ಲೇ ರದ್ದು ಮಾಡಬೇಕು.

ಸಾಲದ ಮಾತಿಗೆ ಬರೋಣ. ಕಿಸಾನ್ ಕ್ರೆಡಿಟ್ ಕಾರ್ಡಿನ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇಕಡಾ 7. ಅವಧಿಯೊಳಗೆ ಕಟ್ಟಿದರೆ 3 ಬಿಟ್ಟು ಶೇಕಡಾ 4 ಆಗುತ್ತದೆ. ಧಾರಣೆ ಇನ್ನಷ್ಟು ಏರಲಿ ಎಂದು ಕಾದು ತಾರೀಕು ದಾಟಿಸಿದರೆ ಆ ಮೂರು ಶೇಕಡಾ ಕೈತಪ್ಪುತ್ತದೆ. ಪೂರ್ತಿ 3 ಲಕ್ಷಕ್ಕೆ ವರ್ಷದ ಲೆಕ್ಕದಲ್ಲಿ ಅದು 9,000. ಕಟ್ಟುವ ತಾರೀಕನ್ನು ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಕೊನೆಯ ದಿನದವರೆಗೆ ಕಾಯದೆ ಹದಿನೈದು ದಿನ ಮೊದಲೇ ಕಟ್ಟಿ.

ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತ ಮಾತ್ರ ಕಟ್ಟುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. 20,000 ಬಾಕಿ, ತಿಂಗಳಿಗೆ ಶೇಕಡಾ 3.5 ಬಡ್ಡಿ ಎಂದರೆ 700, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 126. ನೀವು 1,000 ಕಟ್ಟಿದರೆ ಅಸಲು ಇಳಿಯುವುದು 174 ರೂಪಾಯಿ ಮಾತ್ರ.

ಚಿಟ್ಟಿ, ಅಂದರೆ ನಮ್ಮಲ್ಲಿ ಕೆಲವರು ಹೇಳುವ ಕುರಿ, ಒಳ್ಳೆಯ ಉಪಾಯವೇ. ಎಲ್ಲರೂ ತಿಂಗಳು ತಿಂಗಳೂ ಕಟ್ಟುತ್ತಾರೆ, ಕೂಡಿದ ಮೊತ್ತವನ್ನು ತಿಂಗಳಿಗೊಬ್ಬರು ಹರಾಜಿನಲ್ಲಿ ಒಂದಷ್ಟು ಬಿಟ್ಟು ಕರೆದು ತೆಗೆದುಕೊಳ್ಳುತ್ತಾರೆ. ಕೇರಳ ಸರಕಾರದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಇ 1969ರಿಂದ ಇದನ್ನು ನಡೆಸುತ್ತಿದೆ. ತಿಂಗಳಿಗೆ 2,500ರಂತೆ 40 ಜನ, 40 ತಿಂಗಳು, 1 ಲಕ್ಷದ ಚಿಟ್ಟಿ ಎಂದು ಹಿಡಿಯಿರಿ. ಒಬ್ಬರು 25,000 ಬಿಟ್ಟು ಕರೆದರೆ ಅವರಿಗೆ ಸಿಗುವುದು 75,000. ಬಿಟ್ಟ ಮೊತ್ತದಲ್ಲಿ ನಡೆಸುವವರ ಕಮಿಷನ್ 5,000 ಕಳೆದು ಉಳಿದ 20,000 ನಲ್ವತ್ತು ಪಾಲಾಗಿ ತಲಾ 500 ಬರುತ್ತದೆ. ಬೇಗ ಕರೆದವರು ಸಾಲಗಾರರು, ಕೊನೆಗೆ ತೆಗೆದುಕೊಳ್ಳುವವರು ಉಳಿತಾಯದವರು. ಸೇರುವ ಮೊದಲೇ ನಾವು ಯಾವ ಕಡೆ ಎಂದು ತೀರ್ಮಾನಿಸಬೇಕು. ಕರೆದ ಮೇಲೆ ಪೈಸೆ ಕೈಗೆ ಬರಲು ಜಾಮೀನು ಬೇಕು. ಅದನ್ನು ಯೋಚಿಸದೆ ಮದುವೆಯ ತಾರೀಕು ಇಟ್ಟುಕೊಂಡು ಕರೆದವರು ಕಾಗದಪತ್ರಕ್ಕೆ ಓಡಾಡುವ ಹಾಗಾಗುತ್ತದೆ.

ಕೊನೆಯದಾಗಿ, ಅಡಿಕೆಯನ್ನೇ ಉಳಿತಾಯವಾಗಿ ಇಡುವ ವಿಚಾರ. ಹೊಸದನ್ನು ಕಟ್ಟಿಟ್ಟು ಸಿಂಗಲ್ ಚೋಲು (ಒಂದು ವರ್ಷ ಹಳೆಯದು), ಡಬಲ್ ಚೋಲು (ಎರಡು ವರ್ಷ ಹಳೆಯದು) ಮಾಡಿ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಸರಿಯಾಗಿ ಒಣಗಿ, ತೇವ ತಾಗದ ಜಾಗ ಇದ್ದು, ಹುಳ ಬೀಳದಂತೆ ನೋಡಿಕೊಂಡರೆ ಇದು ಸರಿಯೇ. ಆದರೆ ಅಡಿಕೆ ಅಟ್ಟದಲ್ಲಿಟ್ಟು ಚಿನ್ನ ಅಡವಿಡುವುದು ಬೇರೆ ಲೆಕ್ಕ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇಕಡಾ 24. ಒಂದು ಕ್ವಿಂಟಾಲನ್ನು ಮಾರದೆ, ಅದರ ಬದಲಿಗೆ ಬಳೆ ಅಡವಿಟ್ಟು 40,000 ತಂದರೆ ನಾಲ್ಕು ತಿಂಗಳ ಬಡ್ಡಿ 3,200. ಕಿಲೋಗೆ 32 ರೂಪಾಯಿ ಏರಿದರೆ ಬಡ್ಡಿ ಮಾತ್ರ ಹುಟ್ಟಿತು, ಲಾಭ ಅದಕ್ಕೂ ಮೇಲೆ ಏರಿದ್ದು. ಬೆಲೆ ಇಳಿದರೆ ಎರಡೂ ಕಡೆ ನಷ್ಟ. ಹಾಗಾಗಿ ತೋಟದ ಪಾಲು, ವರ್ಷದ ಖರ್ಚು, ತಿಂಗಳ ಪಾಲು ಇಷ್ಟಕ್ಕೆ ಬೇಕಾದ ಅಡಿಕೆ ಮಾರಿಯೇ ಬಿಡಿ, ಮಿಕ್ಕದ್ದನ್ನು ಮಾತ್ರ ಇಡಿ. ಇಟ್ಟ ಪ್ರತಿ ಗೋಣಿಯ ಬಾಯಿಗೆ ಒಂದು ಚೀಟಿ ಕಟ್ಟಿ: ಇಟ್ಟ ತಾರೀಕು, ತೂಕ, ಆ ದಿನದ ಧಾರಣೆ. ಮನೆಯ ಚಿನ್ನ ಅಡವಿದ್ದರೆ ಅದರ ತಿಂಗಳ ಬಡ್ಡಿಯನ್ನೂ ಅದೇ ಚೀಟಿಯ ಕೆಳಗೆ ಬರೆಯಿರಿ.