ಬಿಸಿಲು ಎಲ್ಲಿ ಬೀಳುತ್ತೋ ಅಲ್ಲಿ ಅಜ್ಜಿಯ ಕುರ್ಚಿ

ನಮಸ್ಕಾರ ಎಲ್ಲರಿಗೂ. ಡಿಸೆಂಬರ್ ರಜೆ ಬಂತು. ಈ ಸಲ ರೂಮಿಗೆ ಹೊಸ ರೂಪ ಕೊಡಲೇಬೇಕು ಅಂತ ಪರೀಕ್ಷೆ ನಡೆಯುವಾಗಲೇ ಅಂದುಕೊಂಡಿದ್ದೆ. ಈ ವಿಡಿಯೋದಲ್ಲಿ ನೀವು ಈಗ ನೋಡುತ್ತಿರುವುದು ಹಳೆಯ ರೂಮು. 10 ಅಡಿ ಅಗಲ, 12 ಅಡಿ ಉದ್ದ. ಬೆಂಗಳೂರಿನ ಹನುಮಂತನಗರದಲ್ಲಿ, ಮೊದಲನೇ ಮಹಡಿ. ನಾನು, ಅಜ್ಜಿ ಇಬ್ಬರೂ ಮಲಗುವುದು ಇಲ್ಲೇ. ಇರುವುದು ಒಂದೇ ಕಿಟಕಿ, ಅದೂ ದಕ್ಷಿಣಕ್ಕೆ. ಅರ್ಧ ಕಿಟಕಿಗೆ ಬೀರು ಅಡ್ಡ ನಿಂತಿದೆ, ನೋಡಿ.

ಎಲ್ಲರೂ ಮೊದಲು ಬಣ್ಣ ಯೋಚಿಸುತ್ತಾರೆ, ಆಮೇಲೆ ಪರದೆ, ಕೊನೆಗೆ ಲೈಟಿನ ಸರ. ನಾನು ಬಿಸಿಲಿನಿಂದ ಶುರು ಮಾಡಿದೆ. ಅದಕ್ಕೆ ಕಾರಣ ಅಜ್ಜಿ. "ರೂಮಲ್ಲಿ ಏನೇನು ಬದಲಾಗಬೇಕು ಹೇಳಿ" ಅಂತ ಕೇಳಿದೆ. "ಬೆಳಗಿನ ಬಿಸಿಲು ನನ್ನ ಮಂಡಿ ಮೇಲೆ ಬೀಳೋ ಹಾಗೆ ಮಾಡು ಮಗು, ಅಷ್ಟು ಸಾಕು. ಬಣ್ಣ ಯಾವುದಾದರೂ ಬಳಿ" ಅಂದರು. ಇಡೀ ರೂಮಿನ ಪ್ಲಾನ್ ಆ ಮಾತಲ್ಲೇ ಇತ್ತು.

ಹಾಗಾಗಿ ಮೊದಲ ಕೆಲಸ, ಬಿಸಿಲು ಎಲ್ಲೆಲ್ಲಿ ಬೀಳುತ್ತೆ ಅಂತ ನೋಡುವುದು. ಬೀರು ಪಕ್ಕಕ್ಕೆ ಸರಿಸಿ, ಬಾಗಿಲ ಹತ್ತಿರ ಒಂದೇ ಜಾಗದಲ್ಲಿ ನಿಂತು, ಗಂಟೆಗೊಂದು ಫೋಟೊ ತೆಗೆದೆ. ನೆಲದ ಮೇಲೆ ಬಿಸಿಲಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆದೆ. ಈ ಫೋಟೊಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದೇನೆ, ನೋಡಿ. ಎಂಟೂವರೆ ಹೊತ್ತಿಗೆ ಎದುರು ಮನೆಯ ತಾರಸಿ ದಾಟಿ ಬಿಸಿಲು ಒಳಗೆ ಬರುತ್ತೆ. ಪಶ್ಚಿಮದ ಗೋಡೆಯ ಮೇಲೆ ಓರೆಯಾಗಿ ಕೂರುತ್ತೆ. ಮಧ್ಯಾಹ್ನ ಕಿಟಕಿಯ ಕೆಳಗೇ ನೆಲಕ್ಕಿಳಿಯುತ್ತೆ. ನಾಲ್ಕು ಗಂಟೆಗೆ ಪೂರ್ವದ ಗೋಡೆಗೆ ಹೋಗಿ ಕೇಸರಿ ಬಣ್ಣಕ್ಕೆ ತಿರುಗುತ್ತೆ. ಇಷ್ಟು ವರ್ಷ ಈ ರೂಮಲ್ಲಿ ಮಲಗಿದ್ದೇನೆ. ಇಷ್ಟು ಬೆಳಕು ಒಳಗೆ ಬರುತ್ತೆ ಅಂತ ಗೊತ್ತಾಗಿದ್ದು ಈ ಫೋಟೊಗಳಲ್ಲೇ.

ಚಳಿಗಾಲದಲ್ಲಿ ದಕ್ಷಿಣದ ಕಿಟಕಿ ನಿಜವಾಗಿಯೂ ಒಂದು ವರ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ಪೂರ್ತಿ ದಕ್ಷಿಣಕ್ಕೆ ವಾಲಿರುತ್ತಾನೆ. ನಡು ಮಧ್ಯಾಹ್ನವೂ ನೆತ್ತಿಗೆ ಬರುವುದಿಲ್ಲ, ಸುಮಾರು 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಅದಕ್ಕೇ ಬಿಸಿಲು ಕಿಟಕಿಯ ಮೇಲಿನ ಸಜ್ಜಾ ತಪ್ಪಿಸಿಕೊಂಡು ಒಳಗೆ ಬರುತ್ತೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಅವನು ನಮ್ಮೂರಿನ ನೆತ್ತಿಯ ಮೇಲೇ ಇರುತ್ತಾನೆ. ಆ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕಂಬಕ್ಕೂ ನೆರಳಿರುವುದಿಲ್ಲ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಹೋಗಿಬಿಟ್ಟಿರುತ್ತಾನೆ. ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ.

ಈ ಲೆಕ್ಕವನ್ನು ಕಲ್ಲಿನಲ್ಲಿ ನೋಡಬೇಕು ಅಂದರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಗವಿ ಗಂಗಾಧರೇಶ್ವರ ದೇವಸ್ಥಾನ ಇದೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತೆ. ಇದು ಎಲ್ಲರಿಗೂ ಗೊತ್ತು. ನವೆಂಬರ್ ಕೊನೆಯಲ್ಲೂ ಅದೇ ಬೆಳಕು ಒಳಗೆ ಬರುತ್ತೆ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಸೂರ್ಯ ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ವಾಪಸ್ ಬರುವಾಗ ಇನ್ನೊಮ್ಮೆ, ಮುಳುಗುವ ಜಾಗ ಒಂದೇ ಆಗಿರುತ್ತೆ ಅಲ್ವಾ? ಬೆಳಕು ಯಾವ ದಿನ ಎಲ್ಲಿ ಬೀಳುತ್ತೆ ಅಂತ ಕಾದು ನೋಡಿ ಕಟ್ಟಿದವರ ಊರು ಇದು. ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೆರೆ ಎಳೆಯುವಾಗ ಅವರ ಮೇಲೆ ನನಗೆ ತುಂಬಾ ಗೌರವ ಬಂತು.

ಈಗ ಸಾಮಾನು ಜೋಡಿಸುವ ಕೆಲಸ. ಬೀರು ಬಾಗಿಲ ಪಕ್ಕದ ಮೂಲೆಗೆ ಹೋಯಿತು. ತಮ್ಮ ಒಂದು ಕಡೆ, ಅಪ್ಪ ಇನ್ನೊಂದು ಕಡೆ. ಮಂಚದ ವಿಷಯದಲ್ಲಿ ಅಜ್ಜಿಗೆ ಒಂದು ಕಟ್ಟುನಿಟ್ಟು ಇದೆ, ತಲೆ ಉತ್ತರಕ್ಕೆ ಬರಬಾರದು. ಹಾಗಾಗಿ ತಲೆ ಪೂರ್ವಕ್ಕೆ. ನನ್ನ ಮೇಜು ಕಿಟಕಿಯ ಎಡಕ್ಕೆ. ಕಿಟಕಿಯ ಬಲಕ್ಕೆ, ಪಶ್ಚಿಮದ ಗೋಡೆಗೆ ಒರಗಿಸಿದ ಹಾಗೆ, ಅಜ್ಜಿಯ ಬೆತ್ತದ ಕುರ್ಚಿ. ಎಂಟೂವರೆಯ ಗೆರೆ ಸರಿಯಾಗಿ ಅದರ ಮುಂಗಾಲಿನ ಹತ್ತಿರ ಬರುತ್ತೆ.

ಬಣ್ಣಕ್ಕೆ ಬರೋಣ. ಅಮ್ಮನಿಗೆ ಗಿಳಿ ಹಸಿರು ಇಷ್ಟ. ಚಂದದ ಬಣ್ಣವೇ. ಆದರೆ ಗೋಡೆ ತನ್ನ ಬಣ್ಣವನ್ನು ತನ್ನಲ್ಲೇ ಇಟ್ಟುಕೊಳ್ಳುವುದಿಲ್ಲ. ಬಿಸಿಲು ಬಿದ್ದರೆ ಅದನ್ನು ಎದುರಿಗಿರುವ ಎಲ್ಲದರ ಮೇಲೂ ಚೆಲ್ಲುತ್ತೆ. ತೋರಿಸೋಣ ಅಂತ ಹಸಿರು ಡ್ರಾಯಿಂಗ್ ಶೀಟ್ ತಂದು ಅಜ್ಜಿಯ ಕೆನ್ನೆ ಪಕ್ಕ ಬಿಸಿಲಿಗೆ ಹಿಡಿದೆ. ಕೆನ್ನೆ ಹಸಿರಾಗಿದೆ, ನೋಡಿ. ಈಗ ಅದೇ ಜಾಗದಲ್ಲಿ ಕೆನೆ ಬಣ್ಣದ ಶೀಟ್. ಮುಖ ಹೇಗೆ ಬೆಳಗಿತು! ಅಮ್ಮ ನೋಡಿದ ಕೂಡಲೇ ಒಪ್ಪಿದರು. ಗಿಳಿ ಹಸಿರು ಕಿಟಕಿಯ ಮರದ ಚೌಕಟ್ಟಿಗೆ ಬಂತು. ಅಲ್ಲಿ ಅದು ಎಷ್ಟು ಚೆನ್ನಾಗಿ ಕಾಣುತ್ತೆ ಅಂದರೆ, ಈಗ ರೂಮಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದೇ.

ಪುಟ್ಟಿ, ಪ್ರೈಮರ್, ರೋಲರ್, ಮಾಸ್ಕಿಂಗ್ ಟೇಪ್ ಎಲ್ಲ ಎಸ್‌.ಜೆ.ಪಿ. ರೋಡಿನಲ್ಲಿ ಸಿಕ್ಕಿತು. ಬಣ್ಣ ಬಳಿಯುವುದನ್ನು ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ. ಒಂದು ಮಾತು ಮಾತ್ರ ಹೇಳುತ್ತೇನೆ. ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಯಿತು ಅಂದರೆ ಬೆಂಗಳೂರಿಗೂ ಮೋಡ, ಜಿಟಿಜಿಟಿ ಮಳೆ ಬರುತ್ತೆ. ಅಂಥ ದಿನ ಬಣ್ಣದ ಡಬ್ಬ ತೆರೆಯಬೇಡಿ. ಗೋಡೆ ಒಣಗುವುದು ತಡವಾಗುತ್ತೆ. ಆ ಮೋಡದ ದಿನ ಕ್ಯಾಮೆರಾ ತೆಗೆದುಕೊಂಡು ಹೊರಗೆ ಹೋಗಿ. ಇಡೀ ಆಕಾಶವೇ ದೊಡ್ಡ ದೀಪ ಆಗಿರುತ್ತೆ, ಯಾರ ಮುಖದ ಮೇಲೂ ಗಟ್ಟಿ ನೆರಳಿರುವುದಿಲ್ಲ.

ನಾನು ಹೋಗಿದ್ದು ಲಾಲ್‌ಬಾಗಿಗೆ. ಬಿಸಿಲಿರುವ ದಿನವಾದರೆ ಚಳಿಗಾಲದಲ್ಲಿ ಅದರ ಬೆಳಗನ್ನು ತಪ್ಪಿಸಿಕೊಳ್ಳಬಾರದು. ಆರೂವರೆ ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, ಕೆರೆಯ ಮೇಲೆ ಮಂಜು ಇನ್ನೂ ಇರುತ್ತೆ. ಬಂಡೆ ಹತ್ತಿ ನಿಂತರೆ ಮಂಕಿ ಕ್ಯಾಪ್ ಹಾಕಿದ ತಾತಂದಿರು, ಶಾಲು ಹೊದ್ದ ಅಮ್ಮಂದಿರು ಕೆಳಗೆ ನಡೆದು ಹೋಗುವುದು ಕಾಣುತ್ತೆ. ಕಾಲ ಕೆಳಗಿನ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಓರೆ ಬಿಸಿಲು ಬಿದ್ದಾಗ ಒಂದೊಂದು ಪದರವೂ ಬೇರೆಬೇರೆಯಾಗಿ ಎದ್ದು ಕಾಣುತ್ತೆ. ಹತ್ತು ಗಂಟೆಗೆ ಬಂದರೆ ಅದೇ ಬಂಡೆ ಚಪ್ಪಟೆ.

ರಸ್ತೆಯಲ್ಲಿ ಬರುವಾಗ ಟಬೆಬುಯಾ ಮರಗಳ ಗುಲಾಬಿ ಬಣ್ಣದ ಹೂ. ಈ ಊರಲ್ಲಿ ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿಯ ಮರ ಅರಳುತ್ತೆ. ಹಾಗೆ ಆರಿಸಿ ನೆಡುವ ಆಲೋಚನೆ ಕೊಟ್ಟವರು ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್. 1980ರ ದಶಕದಲ್ಲಿ ಅರಣ್ಯಾಧಿಕಾರಿ ಸೇತುರಾಂ ನೇಗಿನಹಾಳ ಅವರು ಊರ ತುಂಬಾ ಲಕ್ಷಾಂತರ ಗಿಡ ನೆಡಿಸಿದರು. ಈ ಗುಲಾಬಿ ಬಣ್ಣದ ಹೂವಿನ ಫೋಟೊ ತೆಗೆಯುವ ನಾವೆಲ್ಲ ಅವರ ಹೆಸರು ತಿಳಿದುಕೊಂಡಿರಬೇಕು ಅಂತ ನನ್ನ ಅಭಿಪ್ರಾಯ.

ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡ್ ಕ್ರಿಸ್‌ಮಸ್ ದೀಪಗಳ ಫೋಟೊನೂ ತೆಗೆದಿದ್ದೇನೆ. ಅವನ್ನು ಸುಮ್ನೆ ಖುಷಿಗೆ ಹಾಕಿದ್ದೇನೆ, ನೋಡಿ.

ಆದರೆ ಈ ರಜೆಯಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಫೋಟೊ ನಮ್ಮ ರೂಮಲ್ಲೇ ಸಿಕ್ಕಿತು. ಅವರೆಕಾಯಿ ಕಾಲ ಅಲ್ವಾ. ಗಾಂಧಿ ಬಜಾರ್ ಫುಟ್‌ಪಾತ್ ಪೂರ್ತಿ ಸೊಗಡು ಅವರೆಯ ವಾಸನೆ. ಅಮ್ಮ ಕಾಳು ಬಿಡಿಸಿ ರಾತ್ರಿ ನೆನೆಸಿಟ್ಟಿದ್ದರು. ಬೆಳಿಗ್ಗೆ ಅಜ್ಜಿ ಹೊಸ ಜಾಗದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಹಿತುಕಲು ಶುರು ಮಾಡಿದರು. ಬಿಸಿಲು ಪಕ್ಕದಿಂದ ಬರುತ್ತಿತ್ತು. ಹೆಬ್ಬೆರಳು, ತೋರುಬೆರಳ ನಡುವೆ ಕಾಳು. ಸ್ವಲ್ಪ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಿಮ್ಮುತ್ತೆ. ಗಾಳಿಯಲ್ಲಿರುವ ಆ ಬೇಳೆಯ ಮೇಲೆ ಬಿಸಿಲು. ಅಜ್ಜಿಯ ಕೈಯ ನರ, ಸವೆದ ಬಳೆ, ಒದ್ದೆ ಬೆರಳಿನ ಹೊಳಪು, ಎಲ್ಲ ಇದರಲ್ಲಿದೆ. ಇದೇ ಆ ಫೋಟೊ. ಸ್ವಲ್ಪ ಹೊತ್ತು ಸ್ಕ್ರೀನ್ ಮೇಲೆ ಹಾಗೇ ಬಿಡುತ್ತೇನೆ.

ಇದಕ್ಕೆ ದೊಡ್ಡ ಕ್ಯಾಮೆರಾ ಬೇಕಾಗಿಲ್ಲ. ಮೊದಲು ಫೋನಿನ ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ. ಟ್ಯೂಬ್‌ಲೈಟ್ ಆರಿಸಿ. ಕಿಟಕಿಯನ್ನು ನಿಮ್ಮ ಬೆನ್ನಿಗೂ ಇಟ್ಟುಕೊಳ್ಳಬೇಡಿ, ಎದುರಿಗೂ ಇಟ್ಟುಕೊಳ್ಳಬೇಡಿ, ಪಕ್ಕಕ್ಕೆ ಬರಲಿ. ಸ್ಕ್ರೀನಲ್ಲಿ ಬಿಸಿಲು ಬಿದ್ದ ಜಾಗ ಮುಟ್ಟಿ, ಬೆಳಕನ್ನು ಸ್ವಲ್ಪ ಕೆಳಗಿಳಿಸಿ. ನೆರಳು ಕಪ್ಪಾಗಲಿ ಬಿಡಿ. ಕೈಗೆ ಆಕಾರ ಬರುವುದು ಆ ನೆರಳಿನಿಂದಲೇ.

ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಅವರು ತೆಗೆದ ಫೋಟೊಗಳನ್ನು ನೀವು ನೋಡಿಲ್ಲದಿದ್ದರೆ ದಯವಿಟ್ಟು ಹುಡುಕಿ ನೋಡಿ. 1923ರ ಡಿಸೆಂಬರ್‌ನಲ್ಲಿ ಹುಟ್ಟಿದವರು, 1977ರಲ್ಲಿ ಪದ್ಮಶ್ರೀ ಬಂತು. ಸಾಮಾನ್ಯ ಜನರ ದಿನನಿತ್ಯವನ್ನು ಕಪ್ಪು ಬಿಳುಪಿನಲ್ಲಿ ಅಷ್ಟು ಪ್ರೀತಿಯಿಂದ ಹಿಡಿದವರು ಕಡಿಮೆ. ಮನೆಯವರ ಫೋಟೊ ತೆಗೆಯುವಾಗ ಪೋಸ್ ಕೊಡಿ ಅಂತ ನಾನು ಕೇಳದೇ ಇರುವುದು ಅವರ ಚಿತ್ರಗಳನ್ನು ನೋಡಿದ ಮೇಲೆ.

ಇನ್ನು ಬಟ್ಟೆಗಳು. ಪರದೆಗೆ ಅಮ್ಮನ ಹಳೆಯ ಬಿಳಿ ಕಾಟನ್ ಸೀರೆ. ಒಗೆದು ಒಗೆದು ತೆಳ್ಳಗಾಗಿದೆ, ಅದೇ ಅದರ ಗುಣ. ಮಧ್ಯಾಹ್ನದ ಚುರುಕು ಬಿಸಿಲು ಅದರಲ್ಲಿ ಸೋಸಿಕೊಂಡು ಮೆತ್ತಗೆ ಒಳಗೆ ಬರುತ್ತೆ. ದಿಂಬಿಗೆ ಗುಳೇದಗುಡ್ಡದ ಖಣ. ಎಲ್ಲರ ಮನೆಯಲ್ಲೂ ತಾಂಬೂಲದ ಜೊತೆ ಬಂದ ಬ್ಲೌಸ್ ಪೀಸ್‌ಗಳ ಒಂದು ಗಂಟು ಇರುತ್ತೆ ಅಲ್ವಾ? ನಮ್ಮ ಗಂಟಿನಲ್ಲಿ ಒಳ್ಳೊಳ್ಳೆ ಖಣಗಳು ಇದ್ದವು. ನೆಲಕ್ಕೆ ಅಮ್ಮನ ಗೆಳತಿ ಧಾರವಾಡದಿಂದ ತಂದುಕೊಟ್ಟ ನವಲಗುಂದದ ಜಮಖಾನೆ. ನವಲಗುಂದದ ಹೆಂಗಸರು ಮಗ್ಗದಲ್ಲಿ ಕೈಯಿಂದಲೇ ನೇಯುತ್ತಾರೆ, ಅದಕ್ಕೆ ಜಿ.ಐ. ಟ್ಯಾಗ್, ಅಂದರೆ ಆ ಊರಿನದೇ ಅನ್ನುವ ಅಧಿಕೃತ ಗುರುತು ಇದೆ. ಇಷ್ಟು ದಿನ ಅಟ್ಟದ ಮೇಲಿತ್ತು. ಕೆನೆ ಗೋಡೆಯ ಮುಂದೆ ಅದರ ಕೆಂಪು ಈಗ ಎದ್ದು ನಿಂತಿದೆ.

ರಾತ್ರಿಯ ಬೆಳಕೂ ಬದಲಾಯಿತು. ನಮ್ಮ ಮನೆಗಳ ಟ್ಯೂಬ್‌ಲೈಟ್ ಸಾಮಾನ್ಯವಾಗಿ 6500 ಕೆಲ್ವಿನ್, ನೀಲಿ ಕಡೆಗೆ ವಾಲಿದ ಬಿಳಿ. ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ. ಓದಲು ಸರಿ, ಮಲಗುವ ಹೊತ್ತಿಗೆ ಜಾಸ್ತಿಯಾಯಿತು. ಮಂಚದ ಪಕ್ಕಕ್ಕೆ 2700 ಕೆಲ್ವಿನ್ ಬಲ್ಬ್ ಹಾಕಿದ್ದೇನೆ. ಎಣ್ಣೆ ದೀಪಕ್ಕೆ ಹತ್ತಿರದ ಬಣ್ಣ. ಬಲ್ಬ್ ಕೊಳ್ಳುವಾಗ ಡಬ್ಬದ ಮೇಲೆ ಸಿ.ಆರ್.ಐ. ಅಂತ ಒಂದು ಸಂಖ್ಯೆ ಇದ್ದರೆ ನೋಡಿ. 90ಕ್ಕಿಂತ ಮೇಲಿದ್ದರೆ ಬಟ್ಟೆಯ ಬಣ್ಣ, ಚರ್ಮದ ಬಣ್ಣ ಇದ್ದ ಹಾಗೆ ಕಾಣುತ್ತೆ.

ಕೊನೆಯದಾಗಿ ಫೋಟೊಗಳು. ಫೋನಲ್ಲೇ ಬಿಟ್ಟರೆ ಅಜ್ಜಿ ಅವನ್ನು ನೋಡುವುದೇ ಇಲ್ಲ. ಹಾಗಾಗಿ ಸ್ಟುಡಿಯೋದಲ್ಲಿ 4 ಇಂಟು 6 ಸೈಜಿನಲ್ಲಿ ಪ್ರಿಂಟ್ ಹಾಕಿಸಿದೆ. ಅಂಟಿಸಿದ್ದು ಉತ್ತರದ ಗೋಡೆಗೆ, ಬಾಗಿಲ ಪಕ್ಕ. ನನ್ನ ಸೀಮೆಸುಣ್ಣದ ಯಾವ ಗೆರೆಯೂ ಅಲ್ಲಿಗೆ ತಲುಪಿರಲಿಲ್ಲ. ನೇರ ಬಿಸಿಲು ಬಿದ್ದರೆ ಪ್ರಿಂಟ್ ಬಣ್ಣ ಬಿಡುತ್ತೆ. ಲಾಲ್‌ಬಾಗ್ ಬಂಡೆ, ಟಬೆಬುಯಾ ಹೂ, ಮಂಜು ಎಲ್ಲ ಸುತ್ತ. ನಡುವೆ ಅಜ್ಜಿಯ ಕೈ. ಅದರ ಇನ್ನೊಂದು ಪ್ರತಿಯನ್ನು ಅಮ್ಮ ಆಗಲೇ ಹಾಲಿಗೆ ತೆಗೆದುಕೊಂಡು ಹೋದರು.

ಕುರ್ಚಿ ಮಾತ್ರ ಇಲ್ಲೇ ಕಾಯಂ ಅಲ್ಲ. ಸಂಕ್ರಾಂತಿ ಕಳೆದ ಮೇಲೆ ಸೂರ್ಯ ದಿನಾ ಸ್ವಲ್ಪ ಸ್ವಲ್ಪ ಮೇಲೇರುತ್ತಾನೆ, ಬಿಸಿಲು ಕಿಟಕಿಯ ಬುಡಕ್ಕೆ ಸರಿಯುತ್ತಾ ಹೋಗುತ್ತೆ. ಅದರ ಹಿಂದೆಯೇ ಕುರ್ಚಿಯನ್ನೂ ಸರಿಸುತ್ತೇವೆ. ಏಪ್ರಿಲ್ ಹೊತ್ತಿಗೆ ಈ ರೂಮಲ್ಲಿ ಬೆಳಗಿನ ಬಿಸಿಲು ಸಿಗುವುದಿಲ್ಲ, ಹಾಲಿನ ಪೂರ್ವದ ಕಿಟಕಿಗೆ ಬರುತ್ತೆ. ಆಗ ಕುರ್ಚಿ ಅಲ್ಲಿಗೆ ಹೋಗುತ್ತೆ. ಅಲ್ಲಿ ಸದ್ಯ ಟಿ.ವಿ. ಸ್ಟ್ಯಾಂಡ್ ಇದೆ. ಅಪ್ಪನ ಹತ್ತಿರ ಈಗಲೇ ಮಾತಾಡಿಟ್ಟಿದ್ದೇನೆ.