ವಿದ್ಯಾರ್ಥಿ ಕಿರುಚಿತ್ರ: ಕ್ಯಾಮೆರಾಗಿಂತ ಮೊದಲು ಮೈಕ್

ನಮಸ್ಕಾರ. ಮೇಜಿನ ಮೇಲೆ ಕಾಣುತ್ತಿರುವ ಈ ಹಾಳೆಗಳು ನಮ್ಮ ತಂಡದ ಕಿರುಚಿತ್ರದ ಚಿತ್ರಕಥೆ. ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ರೂಢಿಯ ಲೆಕ್ಕ ಹಿಡಿದು ಇದನ್ನು 5 ಪುಟಕ್ಕೆ ಇಳಿಸಿದ್ದೇವೆ. ಶಾಟ್‌ಗಳ ಪಟ್ಟಿ ಕಥೆಯ ಕ್ರಮದಲ್ಲಿಲ್ಲ. ಕಿಟಕಿಯ ಬೆಳಕು ಬೇಕಾದವುಗಳೆಲ್ಲ ಮೊದಲಿಗೆ ಬಂದಿವೆ, ಏಕೆಂದರೆ ಬಿಸಿಲು ನಮಗಾಗಿ ಕಾಯುವುದಿಲ್ಲ. ಸ್ಟೋರಿಬೋರ್ಡ್, ಅಂದರೆ ಶಾಟ್‌ಗಳನ್ನು ಮೊದಲೇ ಚಿತ್ರವಾಗಿ ಬಿಡಿಸಿಟ್ಟುಕೊಳ್ಳುವುದು, ಅನವಶ್ಯಕ ಎಂಬುದು ನನ್ನ ಅಭಿಪ್ರಾಯ. ಆದರೆ ಇಬ್ಬರ ಸಂಭಾಷಣೆಗೆ ಮಾತ್ರ ಅದು ಬೇಕೇ ಬೇಕು: ಇಬ್ಬರ ನಡುವಿನ ಕಾಲ್ಪನಿಕ ರೇಖೆಯನ್ನು ಕ್ಯಾಮೆರಾ ದಾಟಿದರೆ, ಎದುರುಬದುರು ಕುಳಿತವರು ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತಾರೆ.

ದೀಪ ಜೋಡಿಸುವುದನ್ನು ನೀವೇ ನೋಡುತ್ತಿದ್ದೀರಿ. ನಾನು ಹೇಳಬೇಕಾದದ್ದು ಚೌಕಟ್ಟಿನಾಚೆ ತಿರುಗುತ್ತಿರುವ ಆ ಫ್ಯಾನಿನ ಬಗ್ಗೆ. ಕೋಣೆಯಲ್ಲಿ ಕುಳಿತವರ ಕಿವಿ ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಮೈಕ್ ಮಾತ್ರ ಹೊಂದಿಕೊಳ್ಳುವುದಿಲ್ಲ. ಸಂಕಲನದಲ್ಲಿ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹಾರುವಾಗಲೆಲ್ಲ ಆ ಗುಂಯ್‌ಗುಡುವಿಕೆ ಏರಿಳಿದು, ಪ್ರೇಕ್ಷಕರಿಗೆ ಮಾತಿಗಿಂತ ಅದೇ ಮುಂದಾಗಿ ಕೇಳಿಸುತ್ತದೆ. ಸಾಫ್ಟ್‌ವೇರ್‌ನಲ್ಲಿ ಹೆಚ್ಚು ತೆಗೆಯಲು ಹೋದರೆ ನಟರ ದನಿ ನೀರೊಳಗಿನಿಂದ ಬಂದಂತಾಗುತ್ತದೆ. ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಆದ್ದರಿಂದ ಸೆಕೆಯಾದರೂ ಫ್ಯಾನ್ ನಿಲ್ಲಿಸುತ್ತೇವೆ.

ಮೈಕ್‌ನ ದೂರ ಇಮ್ಮಡಿಯಾದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಗದ್ದಲ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಾಗಾಗಿ ನಮ್ಮ ಕ್ಯಾಮೆರಾ ಆಗಿರುವ ಫೋನಿನ ಮೈಕನ್ನು ನಂಬದೆ, ಇನ್ನೊಂದು ಫೋನನ್ನು ರೆಕಾರ್ಡರ್ ಮಾಡಿ, ಚೌಕಟ್ಟಿನ ಕೆಳಗಂಚಿಗೆ ಸ್ವಲ್ಪವೇ ತಗ್ಗಿನಲ್ಲಿ, ಪುಸ್ತಕಗಳ ಮರೆಯಲ್ಲಿಟ್ಟಿದ್ದೇವೆ. ಎರಡೂ ಫೋನ್‌ಗಳು ಏರ್‌ಪ್ಲೇನ್ ಮೋಡ್‌ನಲ್ಲಿವೆ. ಪ್ರತಿ ಟೇಕ್‌ಗೂ ಮೊದಲು ಚಪ್ಪಾಳೆ ಕಡ್ಡಾಯ: ಅಂಗೈಗಳು ಕೂಡಿದ ಫ್ರೇಮನ್ನು (ವಿಡಿಯೊದ ಒಂದು ಬಿಡಿ ಚಿತ್ರವನ್ನು) ಧ್ವನಿಯ ಗ್ರಾಫ್‌ನಲ್ಲಿ ಚಪ್ಪಾಳೆಯ ಸದ್ದು ಎದ್ದು ಕಾಣುವ ಮೊನೆಗೆ ಹೊಂದಿಸಿದರೆ ಚಿತ್ರ ಮತ್ತು ಧ್ವನಿ ಕೂಡಿಕೊಳ್ಳುತ್ತವೆ. ಅನೇಕ ಫೋನ್‌ಗಳು ಸ್ಥಿರವಲ್ಲದ ಫ್ರೇಮ್ ದರದಲ್ಲಿ, ಅಂದರೆ ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂಬ ಲೆಕ್ಕ ಏರಿಳಿಯುವಂತೆ, ದಾಖಲಿಸುವುದರಿಂದ ಉದ್ದನೆಯ ಟೇಕ್‌ಗಳಲ್ಲಿ ತುಟಿ ಮತ್ತು ಮಾತು ಮೆಲ್ಲಗೆ ಬೇರೆಯಾಗುತ್ತವೆ. ಚಿಕ್ಕ ಟೇಕ್‌ಗಳೇ ಕ್ಷೇಮ.

ಈಗ ಎಲ್ಲರೂ ಸುಮ್ಮನೆ ನಿಂತಿರುವುದು ಕೋಣೆಯ ಬರಿಯ ಸದ್ದನ್ನು 30 ಸೆಕೆಂಡ್ ದಾಖಲಿಸಲಿಕ್ಕಾಗಿ. ಸಂಭಾಷಣೆಯನ್ನು ಕತ್ತರಿಸಿದ ಕಡೆಗಳಲ್ಲೆಲ್ಲ ಇದನ್ನೇ ತುಂಬುತ್ತೇವೆ, ಇಲ್ಲವಾದರೆ ಅಲ್ಲಿ ಧ್ವನಿ ಸತ್ತಂತೆ ಕೇಳಿಸುತ್ತದೆ. ಯಾರೋ ಬಾಗಿಲು ತೆರೆದರು. ಮತ್ತೆ ಮೊದಲಿನಿಂದ ದಾಖಲಿಸುತ್ತೇವೆ, ಕಿಟಕಿಯ ಬೆಳಕು ಇರುವಾಗಲೇ ಮೊದಲ ಶಾಟ್‌ಗೆ ಹೋಗಬೇಕು.